ಅಕ್ಕೋರು ಕೊಯ್ಯಿಸಿದ ಗದ್ದೆ

ಮೊನ್ನೆ ಸಾಗರದಲ್ಲಿ ಮಗಳ ಮನೆಯ ಹಿತ್ತಿಲಿನಲ್ಲಿ ತೊಂಡೆಕಾಯಿ ಬಿಡಿಸುತ್ತಿದ್ದೆ. ಕೈಗೆ ಸಿಕ್ಕ ಒಂದೆರಡು ಎಲೆಗಳನ್ನು ಸುಮ್ಮನೆ ಹಿಸುಕಿದೆ ನೋಡಿ, ಆ ಹಸಿ ಒಗರು ವಾಸನೆ ಮೂಗಿಗೆ ಹೊಡೆದದ್ದೇ ತಡ, ಬೆರಳಿಗೆ ಇದ್ದಿಲ ಮಸಿ ಹತ್ತಿದೆಯೇನೋ ಎಂದು ಅಂಗೈ ತಿರುಗಿಸಿ ನೋಡಿಕೊಂಡೆ. ಎಪ್ಪತ್ತು ದಾಟಿದ ಹೆಂಗಸು ಹಿತ್ತಿಲಿನಲ್ಲಿ ನಿಂತು ಕೈ ಮೂಸಿಕೊಳ್ಳುತ್ತಿದ್ದರೆ ಮಗಳಿಗೆ ಗಾಬರಿಯಾಗದೆ ಇರುತ್ತದೆಯೇ? ಏನಾಯ್ತಮ್ಮಾ ಎಂದು ಓಡಿ ಬಂದಳು. ಏನೂ ಇಲ್ಲ, ನಮ್ಮ ಅಕ್ಕೋರು ನೆನಪಾದರು ಎಂದೆ.

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು. ನಾನು ಹೇಳುತ್ತಿರುವುದು ಅರವತ್ತರ ದಶಕದ ನಡುವಿನ ಮಾತು. ಮಾಸ್ತಿಕಟ್ಟೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲೊಂದು ಮಿಡ್ಲ್ ಸ್ಕೂಲು. ಶುಕ್ರವಾರ ಸಂಜೆ ತೊಂಡೆ ಎಲೆ, ತೆಂಗಿನ ಚಿಪ್ಪಿನ ಇದ್ದಿಲು ಎರಡನ್ನೂ ಅರೆದು ಬೋರ್ಡಿಗೆ ತಿಕ್ಕುವುದು ಏಳನೇ ಕ್ಲಾಸಿನವರ ಕೆಲಸ. ಮಸಿ ನಮ್ಮ ಮೊಣಕೈವರೆಗೆ ಹತ್ತುತ್ತಿತ್ತು, ಅಕ್ಕೋರ ಮುಖಕ್ಕೂ ಹತ್ತುತ್ತಿತ್ತು. ಮಕ್ಕಳಿಗೆ ಹೇಳಿ ತಾವು ಕುರ್ಚಿಯಲ್ಲಿ ಕೂರುವ ಪೈಕಿಯಲ್ಲ ಅವರು.

ಅವರು ಬಯಲುಸೀಮೆಯಿಂದ ಬಂದವರು. ಒಬ್ಬಂಟಿ. ಬಿಳಿ ಸೀರೆ, ಕೈಯಲ್ಲಿ ಬಳೆ ಇಲ್ಲ. ವಯಸ್ಸು ಮೂವತ್ತೂ ಆಗಿರಲಿಕ್ಕಿಲ್ಲ. ಬಂದ ಹೊಸತರಲ್ಲಿ ಕಾಲಿಗೆ ಉಂಬಳ, ಅಂದರೆ ಜಿಗಣೆ, ಕಚ್ಚಿದ್ದನ್ನು ನೋಡಿ, ಇದೇನು ಇದು, ನನ್ನ ಕಾಲಿಗೆ ಯಾರು ದಾರ ಕಟ್ಟಿದ್ದು ಎಂದು ಕೇಳಿ ಇಡೀ ಕ್ಲಾಸನ್ನು ನಗಿಸಿದ್ದರು. ನಮ್ಮ ಜೊತೆ ಅವರೂ ನಕ್ಕರು. ಅವತ್ತೇ ನಾವು ಅವರಿಗೆ ಮಾರುಹೋದೆವು ಎಂದರೆ ಸುಳ್ಳಲ್ಲ.

ಅವರದ್ದೊಂದು ಪದ್ಧತಿ ಇತ್ತು. ಶನಿವಾರ ಬೆಳಗಿನ ಶಾಲೆ ಮುಗಿಯುವ ಮೊದಲು ಎಲ್ಲರನ್ನೂ ದುಂಡಗೆ ಕೂರಿಸುತ್ತಿದ್ದರು. ಆ ವಾರ ಯಾರಿಂದ ಏನು ಕಲಿತೆವು ಎಂದು ಒಬ್ಬೊಬ್ಬರೂ ಎದ್ದು ನಿಂತು ಹೇಳಬೇಕು. ಅಕ್ಕೋರಿಂದ ಕಲಿತದ್ದನ್ನು ಹೇಳುವ ಹಾಗಿಲ್ಲ, ಪಕ್ಕದಲ್ಲಿ ಕೂತವರಿಂದ ಕಲಿತದ್ದನ್ನೇ ಹೇಳಬೇಕು. ಮೊದಮೊದಲು ನಮಗೆ ಬಾಯೇ ಬರುತ್ತಿರಲಿಲ್ಲ. ಪಕ್ಕದವನಿಂದ ನಾನೇನು ಕಲಿಯುವುದು, ಅವನೇ ನನ್ನ ಲೆಕ್ಕ ನೋಡಿ ಬರೆಯುತ್ತಾನೆ ಎಂದು ನಾನು ಒಂದು ಸಲ ಹೇಳಿಯೂಬಿಟ್ಟೆ. ಬಾಯಿ ಜೋರು ನನ್ನದು, ಹುಟ್ಟಿನಿಂದಲೇ. ಅಕ್ಕೋರು ಬೈಯಲಿಲ್ಲ. ಹಾಗಾದರೆ ನೋಡಿ ಬರೆಯುವುದರ ಬದಲು ಕೇಳಿ ಬರೆಯಲಿ, ನೀನು ಹೇಳಿಕೊಡು, ಅದಕ್ಕೆ ಮುಯ್ಯಿ ಅವನು ನಿನಗೆ ಏನಾದರೂ ಹೇಳಿಕೊಡುತ್ತಾನೆ ಎಂದರು. ಅವನು ತೋಟದ ಮನೆಯ ಹುಡುಗ, ಅಡಿಕೆ ತೋಟದವರು. ಲೆಕ್ಕದಲ್ಲಿ ದಡ್ಡ. ಆದರೆ ಪದ್ಯಗಳನ್ನು ಎಷ್ಟು ಚೆಂದ ಓದುತ್ತಿದ್ದ! ನನಗೆ ಪದ್ಯ ಬಾಯಿಗೆ ಬಂದದ್ದು ಅವನಿಂದಲೇ.

ಮುಯ್ಯಿ ಎಂಬ ಮಾತನ್ನು ಅಕ್ಕೋರು ನಮ್ಮಿಂದಲೇ ಕಲಿತದ್ದು. ನಮ್ಮ ಗೇಣಿ ರೈತರ ಮನೆಗಳಲ್ಲಿ ನಾಟಿ, ಕೊಯ್ಲು ಎಲ್ಲ ಮುಯ್ಯಾಳಿನಿಂದಲೇ ನಡೆಯುತ್ತಿತ್ತು. ಇವತ್ತು ನಿಮ್ಮ ಮನೆಯಿಂದ ಒಬ್ಬಳು ನಮ್ಮ ಗದ್ದೆಗೆ ಬಂದರೆ ನಾಳೆ ನಮ್ಮ ಮನೆಯಿಂದ ಒಬ್ಬಳು ನಿಮ್ಮ ಗದ್ದೆಗೆ. ಕೂಲಿ ಇಲ್ಲ, ಬರೆದಿಡುವುದಿಲ್ಲ, ಆದರೆ ಒಬ್ಬರೂ ಮರೆಯುವುದಿಲ್ಲ. ಮುಯ್ಯಿ ತೀರಿಸದೆ ಇದ್ದ ಮನೆಗೆ ಮರುವರ್ಷ ಒಂದು ಕುಡುಗೋಲೂ ಬರುವುದಿಲ್ಲ. ನಮ್ಮಜ್ಜಿಯಂತೂ ಈ ವಿಷಯದಲ್ಲಿ ಬೆಂಕಿ. ಮುಯ್ಯಿ ಉಳಿಸಿಕೊಂಡು ಸತ್ತರೆ ಪಿಂಡ ಮುಟ್ಟಲಿಕ್ಕೆ ಕಾಗೆಯೂ ಬರುವುದಿಲ್ಲ ಎನ್ನುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅಮ್ಮ ಹಳ್ಳ ದಾಟುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕೊಯ್ಲು ಶುರುವಾಗಿತ್ತು. ನಮ್ಮ ಮನೆಯಿಂದ ಊರಿನ ಮುಯ್ಯಿಗೆ ಹೋಗುವ ಹೆಣ್ಣಾಳು ಅಮ್ಮ ಒಬ್ಬಳೇ. ಅವಳು ಹೋಗದಿದ್ದರೆ ನಮ್ಮ ಗದ್ದೆಗೆ ಯಾರು ಬರುತ್ತಾರೆ? ಅಜ್ಜಿ ಎರಡನೇ ಮಾತಾಡದೆ ನನ್ನ ಕೈಗೆ ಕುಡುಗೋಲು ಕೊಟ್ಟಳು. ಅಪ್ಪ ಒಳ್ಳೆಯವನು, ಆದರೆ ಅಜ್ಜಿಯ ಮುಂದೆ ಅವನ ಬಾಯಿ ಊಟಕ್ಕೆ ಮಾತ್ರ ತೆರೆಯುತ್ತಿತ್ತು.

ಹದಿಮೂರು ವರ್ಷದ ನಾನು ದಿನಾ ಒಬ್ಬರ ಗದ್ದೆಯಲ್ಲಿ ಬಗ್ಗಿ ನಿಂತಿರುತ್ತಿದ್ದೆ. ಶಾಲೆಯಲ್ಲಿ ನೇತುಹಾಕಿದ್ದ ಕಬ್ಬಿಣದ ತುಂಡಿಗೆ ಬಡಿದರೆ ಇಡೀ ಬಯಲಿಗೆ ಕೇಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಕುಡುಗೋಲು ನಿಲ್ಲಿಸಿ ಆ ಕಡೆ ನೋಡುತ್ತಿದ್ದೆ. ನನಗೆ ಓದಬೇಕಿತ್ತು. ಅದನ್ನು ಸುತ್ತಿ ಬಳಸಿ ಏಕೆ ಹೇಳಲಿ? ಅಷ್ಟು ಓದಬೇಕು ಅನ್ನಿಸಿತ್ತು. ಏಳನೇ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. ಹೊಸನಗರಕ್ಕೆ ಹೋಗಿ ಬರೆಯಬೇಕು. ತಿಂಗಳ ಕೊನೆಯೊಳಗೆ ಶಾಲೆಗೆ ಬಾರದಿದ್ದರೆ ನನ್ನ ಹೆಸರನ್ನು ಪರೀಕ್ಷೆಗೆ ಕಳಿಸಲು ಬರುವುದಿಲ್ಲ ಎಂದು ಹೆಡ್‌ಮೇಷ್ಟ್ರು ಹೇಳಿದ್ದಾರಂತೆ ಎಂಬ ಸುದ್ದಿ ಗದ್ದೆಗೇ ಬಂತು.

ಅಕ್ಕೋರು ಮನೆಗೆ ಬಂದರು. ಅಜ್ಜಿ ಮಣೆ ಹಾಕಿ, ಬೆಲ್ಲ ನೀರು ಕೊಟ್ಟು, ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡದೆ ಹೇಳಿದಳು:

“ಆರು ಓದಿದ್ದು ಸಾಕು ಅಕ್ಕೋರೆ. ಏಳು ಓದಿ ಇವ್ಳೇನು ಅಮಲ್ದಾರ ಆಗ್ತಾಳಾ? ಇವ್ಳು ಶಾಲೆಗೆ ಬಂದ್ರೆ ನಮ್ಮನೆ ಮುಯ್ಯಿ ಯಾರು ತೀರಿಸ್ತಾರೆ, ನೀವಾ?”

ಬೇರೆ ಯಾರಾದರೂ ಆಗಿದ್ದರೆ ವಿದ್ಯೆಯ ಮಹಿಮೆ ಕುರಿತು ಒಂದು ಭಾಷಣ ಬಿಗಿಯುತ್ತಿದ್ದರು, ಅಜ್ಜಿ ಅರ್ಧದಲ್ಲೇ ದನ ಕಟ್ಟಲು ಎದ್ದು ಹೋಗುತ್ತಿದ್ದಳು. ಅಕ್ಕೋರು, ನಾನು ತೀರಿಸಿದರೆ ಆಗುತ್ತದೆಯೇ ಎಂದು ಕೇಳಿದರು. ಅಜ್ಜಿ ನಕ್ಕಳು. ನಗದೆ ಏನು ಮಾಡುತ್ತಾಳೆ? ಉಂಬಳ ಯಾವುದು ದಾರ ಯಾವುದು ಗೊತ್ತಿಲ್ಲದವರು ಕೊಯ್ಲಿಗೆ ಬರುತ್ತಾರಂತೆ.

ಆ ಶನಿವಾರ ಅಮ್ಮನ ಕಾಲಿಗೆ ಮತ್ತೆ ಪಟ್ಟು ಹಾಕಿಸಲು ನಾವೆಲ್ಲ ಗಾಡಿ ಕಟ್ಟಿಕೊಂಡು ಮೂಳೆ ಕಟ್ಟುವವರ ಊರಿಗೆ ಹೋಗಿದ್ದೆವು. ಮನೆಯಲ್ಲಿ ಯಾರೂ ಇರಲಿಲ್ಲ. ಶಾಲೆ ಬಿಟ್ಟದ್ದೇ ಅಕ್ಕೋರು ನಮ್ಮ ಕ್ಲಾಸನ್ನೆಲ್ಲ ಕರೆದುಕೊಂಡು ಗದ್ದೆಗೆ ಹೊರಟಿದ್ದಾರೆ. ಎಲ್ಲರೂ ಮನೆಯಿಂದ ಕುಡುಗೋಲು ತಂದಿದ್ದರಂತೆ. ಗದ್ದೆ ಬಯಲಿಗೆ ಬಂದ ಮೇಲೆ, ಯಾವುದು ಇವಳ ಮನೆಯ ಗದ್ದೆ ಎಂಬ ಪ್ರಶ್ನೆ ಬಂತು. ಮಾವಿನ ಮರದ ಕೆಳಗಿನದೇ ಎಂದು ತೋಟದ ಮನೆಯ ಹುಡುಗ ಕೈ ತೋರಿಸಿದ. ಜನ್ಮದಲ್ಲಿ ಗದ್ದೆಗೆ ಇಳಿಯದವನ ಮಾತು ಕೇಳಿ, ಆಚೀಚೆ ಊರುಗಳಿಂದ ಶಾಲೆಗೆ ಬರುತ್ತಿದ್ದ ಉಳಿದವರೆಲ್ಲ ಇಳಿದರು. ಇಳಿದು, ಕೊಯ್ದು, ಒಣಗಲು ಹರವಿ, ಸಂಜೆಯ ಹೊತ್ತಿಗೆ ಇಡೀ ಗದ್ದೆ ಬೋಳು. ಅಕ್ಕೋರ ಎಡಗೈ ಬೆರಳು ಎರಡು ಕಡೆ ಕುಯ್ದಿತ್ತು.

ಅದು ನಮ್ಮ ಗದ್ದೆಯಲ್ಲ. ಪಕ್ಕದ ಮನೆಯವರದ್ದು.

ಪಕ್ಕದ ಮನೆಯವರು ಎಂದರೆ ಯಾರು? ಅಜ್ಜಿಗೂ ಆ ಮನೆಯ ಯಜಮಾನರಿಗೂ ನಾನು ಹುಟ್ಟುವ ಮೊದಲಿನಿಂದ ಮಾತಿಲ್ಲ. ಕಾರಣ ಗದ್ದೆಯ ಅಂಚು. ಅವರು ವರ್ಷಾ ವರ್ಷಾ ಗುದ್ದಲಿಯಲ್ಲಿ ಅಂಚು ಕೆತ್ತುತ್ತಾರೆ ಎಂದು ಅಜ್ಜಿ, ಕೆತ್ತುವುದು ಅವಳೇ ಎಂದು ಅವರು. ಇಬ್ಬರೂ ಕೆತ್ತುತ್ತಿದ್ದರು ಎಂದು ನನಗೆ ಈಗಲೂ ಗುಮಾನಿ. ಅಂತೂ ಆ ಅಂಚು ಸವೆದು ಸವೆದು ಹಸುವಿನ ಬಾಲದಷ್ಟಾಗಿತ್ತು. ಯಾರ ಗದ್ದೆ ಎಲ್ಲಿ ಮುಗಿಯುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ತೋಟದ ಮನೆಯ ಹುಡುಗನನ್ನು ಬೈದು ಏನು ಪ್ರಯೋಜನ?

ಸಂಜೆ ಗಾಡಿ ಇಳಿದು ನೋಡಿದ ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜಗಲಿಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಅಳು ಬಂತು. ನಮ್ಮ ಗದ್ದೆ ಕೊಯ್ದಿದ್ದರೆ ಅಜ್ಜಿಯ ಮೇಲೆ ಮುಯ್ಯಿ ಇರುತ್ತಿತ್ತು, ಅಕ್ಕೋರ ಮಾತು ಕೇಳಲೇಬೇಕಾಗುತ್ತಿತ್ತು. ಈಗ ಏನಿದೆ? ಇಡೀ ಕ್ಲಾಸು ನನಗಾಗಿ ಬೆನ್ನು ಬಗ್ಗಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ ಅಕ್ಕೋರಿಗೆ ಅಜ್ಜಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

“ನಮ್ಮ ಗದ್ದೆ ನಿಂತಲ್ಲೇ ನಿಂತಿದೆ. ನಮ್ಮ ಮೇಲೆ ನಿಮ್ದು ಏನೂ ಇಲ್ಲ. ಯಾರ ಗದ್ದೆ ಕೊಯ್ದ್ರೋ ಅವ್ರ ಹತ್ರಾನೇ ಮುಯ್ಯಿ ಕೇಳಿ ಅಕ್ಕೋರೆ.”

“ಹಾಗೇ ಮಾಡ್ತೀನಮ್ಮ” ಎಂದರು ಅಕ್ಕೋರು. ಎಂದವರೇ ಹೊರಟರು. ನಾನು ಅಂಗಳದ ತುದಿಯಲ್ಲಿ ನಿಂತು ನೋಡುತ್ತಲೇ ಇದ್ದೆ. ಅವರು ನೆಟ್ಟಗೆ ಪಕ್ಕದ ಮನೆಗೇ ಹೋದರು...

ಅಲ್ಲಿ ನಡೆದದ್ದನ್ನು ಆಮೇಲೆ ಅವರ ಸೊಸೆ ಹೇಳಿ ನನಗೆ ಗೊತ್ತಾದದ್ದು. ಯಜಮಾನರಿಗೆ ಕೊಯ್ಲಿಗೆ ಆಳು ಸಾಲದೆ ತಲೆಬಿಸಿಯಾಗಿತ್ತಂತೆ. ಬಲಿತ ಭತ್ತ ಉದುರುವುದಕ್ಕೆ ಮೊದಲು ಮಕ್ಕಳು ಕೊಯ್ದು ಹಾಕಿದ್ದನ್ನು ನೋಡಿ ಒಳಗೊಳಗೇ ಖುಷಿಪಟ್ಟಿದ್ದರಂತೆ. ಅಕ್ಕೋರು ತಪ್ಪಾಯಿತು ಎಂದರಂತೆ. ಅದಕ್ಕೆ ಅವರು, ತಪ್ಪೋ ಸರಿಯೋ ನಂಗೊತ್ತಿಲ್ಲ, ಮಕ್ಕಳ ಬೆವರನ್ನು ಪುಗಸಟ್ಟೆ ಇಟ್ಟುಕೊಳ್ಳಲಿಕ್ಕಾಗುವುದಿಲ್ಲ, ಮುಯ್ಯಿ ಹೇಗೆ ತೀರಿಸಲಿ ಹೇಳಿ ಎಂದರಂತೆ. ಅಕ್ಕೋರು ಹೇಳಿದರು. ಯಜಮಾನರು ಬಹಳ ಹೊತ್ತು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರಂತೆ. ಹೂಂ ಎಂದರೆ ವೈರಿಯ ಮನೆಗೆ ಆಳು ಕಳಿಸಬೇಕು, ಉಹೂಂ ಎಂದರೆ ಮುಯ್ಯಿ ನುಂಗಿದ ಹಾಗೆ.

ಸೋಮವಾರ ಬೆಳಗ್ಗೆ, ಇನ್ನೂ ಮಂಜು ಕರಗಿರಲಿಲ್ಲ, ನಮ್ಮ ಅಂಗಳದಲ್ಲಿ ಪಕ್ಕದ ಮನೆಯ ಸೊಸೆ ನಿಂತಿದ್ದಳು. ಕೈಯಲ್ಲಿ ಕುಡುಗೋಲು, ತಲೆಗೆ ಬಟ್ಟೆ. ಅಷ್ಟು ಮಕ್ಳ ದುಡಿಮೆಗೆ ಮುಯ್ಯಿ, ಈ ಕೊಯ್ಲು ಮುಗಿಯುವವರೆಗೂ ನಿಮ್ಮನೆ ಹುಡುಗಿ ಬದಲಿಗೆ ನಾನು ಬರ್ತೀನಿ, ಮಾವ ಕಳ್ಸಿದಾರೆ ಎಂದಳು. ಅಷ್ಟು ಹೇಳುವುದರಲ್ಲಿ ಅವಳ ಮುಖ ಕೆಂಪಾಗಿತ್ತು.

ಅಜ್ಜಿಯ ಮುಖ ನೋಡಬೇಕಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಬಾಗಿಲಿಗೆ ಬಂದ ಮುಯ್ಯಾಳನ್ನು ಹಿಂದಕ್ಕೆ ಕಳಿಸುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಕಳಿಸಿದರೆ ಭೂಮಿತಾಯಿ ಮುನಿಯುತ್ತಾಳೆ. ಅದೂ ಅಲ್ಲದೆ, ಅವರ ಹತ್ತಿರವೇ ಕೇಳಿ ಎಂದು ಬಾಯಿಬಿಟ್ಟು ಹೇಳಿದವಳು ಅವಳೇ. ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಂದೂ ಇಲ್ಲದ ಹಾಗೆ ಕೆಮ್ಮಿದ. ಅಜ್ಜಿ ಒಳಗೆ ಹೋಗಿ ಒಂದು ಬಟ್ಟಲು ಗಂಜಿ, ಮಾವಿನ ಮಿಡಿ ತಂದು ಆ ಸೊಸೆಯ ಮುಂದಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ಎಂತ ನೋಡ್ತಾ ನಿಂತೀಯೇ? ಶಾಲೆಗೆ ಹೊತ್ತಾಗಲ್ವಾ?”

ನಾನು ಓಡಿದೆ. ಜಡೆ ಕೂಡ ಹಾಕಿಕೊಳ್ಳದೆ ಓಡಿದೆ. ಕ್ಲಾಸಿನ ಬಾಗಿಲಲ್ಲಿ ನಿಂತವಳನ್ನು ನೋಡಿ ಎಲ್ಲರೂ ಹೋ ಎಂದು ಕೂಗಿದರು. ಅಕ್ಕೋರು ಮಾತ್ರ ಆ ಕಡೆ ತಿರುಗಿ, ಒರೆಸಿದ್ದ ಬೋರ್ಡನ್ನೇ ಮತ್ತೆ ಒರೆಸಿದರು.

ಇಷ್ಟಕ್ಕೆ ಮುಗಿಯಲಿಲ್ಲ. ಅಕ್ಕೋರಿಗೆ ಸಲ್ಲಬೇಕಿದ್ದ ಆಳು ನಮ್ಮ ಮನೆಗೆ ದುಡಿದು, ಈಗ ಅಜ್ಜಿಯ ತಲೆಯ ಮೇಲೆ ಅಕ್ಕೋರ ಮುಯ್ಯಿ ಕೂತಿತ್ತಲ್ಲ! ಚಳಿಗಾಲ ಪೂರ್ತಿ ಅವಳಿಗೆ ಅದೇ ಚಿಂತೆ. ಬಾಳೆಗೊನೆ ಕಳಿಸಿದರೆ ಅಕ್ಕೋರು ಬೇಡ ಎನ್ನುತ್ತಿದ್ದರು, ಮುಯ್ಯಿಗೆ ಮೈ ಬಗ್ಗಬೇಕು ಅಂತ ನೀವೇ ಹೇಳಿದ್ದಲ್ಲವೇ ಎಂದು ಕೇಳುತ್ತಿದ್ದರು. ಪರೀಕ್ಷೆ ಹತ್ತಿರ ಬಂತು. ಒಂದು ವಾರ ಹೊಸನಗರದಲ್ಲಿ ಉಳಿಯಬೇಕು. ಯಾರದೋ ಖಾಲಿ ಮನೆಯನ್ನು ಅಕ್ಕೋರು ಕೇಳಿಕೊಂಡು ಬಂದಿದ್ದರು. ಇಷ್ಟು ಮಕ್ಕಳಿಗೆ ಬೇಯಿಸಿ ಹಾಕುವವರು ಯಾರು ಎಂಬ ಮಾತು ಬಂದಾಗ ಅಜ್ಜಿ ಯಾರನ್ನೂ ಕೇಳದೆ ಕಾವಲಿ, ಮಡಿಕೆ, ಅಕ್ಕಿಹಿಟ್ಟು ಎಲ್ಲ ಗಂಟು ಕಟ್ಟಿದಳು. ಹುಡುಗಿಗೆ ಏಳನೇ ಕ್ಲಾಸು ಏಕೆ ಎಂದವಳು ಏಳನೇ ಕ್ಲಾಸಿನ ಜೊತೆ ಬಸ್ಸು ಹತ್ತಿದಳು. ಅದು ಅವಳ ಜೀವಮಾನದ ಮೊದಲ ಬಸ್ಸು. ದಾರಿ ಉದ್ದಕ್ಕೂ ಸೀಟಿನ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದಳು.

ಒಂದು ವಾರ ಅಜ್ಜಿ ರೊಟ್ಟಿ ತಟ್ಟಿದಳು. ತೋಟದ ಮನೆಯ ಹುಡುಗನಿಗೆ ಊಟ ಹೊಸನಗರದ ನೆಂಟರ ಮನೆಯಲ್ಲಿ. ನಮ್ಮ ಮನೆಯ ರೊಟ್ಟಿ ಬ್ರಾಹ್ಮಣರ ಮನೆಯವರು ತಿನ್ನುವ ಕಾಲವಲ್ಲ ಅದು. ಮೂರನೆಯ ದಿನ ಒಲೆಯ ಹತ್ತಿರ ಸುಳಿದಾಡಿ, ನನಗೂ ಒಂದು ಇದೆಯಾ ಎಂದು ಗಡಿಬಿಡಿಯಲ್ಲಿ ತನ್ನ ಮನೆಮಾತಿನಲ್ಲೇ ಕೇಳಿಬಿಟ್ಟ:

“ಎಂಗೂ ಒಂದು ಇದ್ದಾ ಅಜ್ಜಿ?”

ಗದ್ದೆ ಯಾವುದು ಅಂತ ಗೊತ್ತಿಲ್ಲ, ರೊಟ್ಟಿ ಮಾತ್ರ ಸರಿಯಾಗಿ ಗೊತ್ತಾಗುತ್ತದೆ ಎಂದು ಅಜ್ಜಿ ಚುಚ್ಚಿದಳು. ಚುಚ್ಚಿ ಎರಡು ಕೊಟ್ಟಳು. ಈ ಸುದ್ದಿಯನ್ನು ನಮ್ಮಲ್ಲಿ ಒಬ್ಬರೂ ಊರಿಗೆ ಒಯ್ಯಲಿಲ್ಲ.

ಕೊನೆಯ ಪೇಪರು ಮುಗಿದ ಸಂಜೆ ಅಕ್ಕೋರು ಎಲ್ಲರನ್ನೂ ಆ ಮನೆಯ ಜಗಲಿಯಲ್ಲಿ ದುಂಡಗೆ ಕೂರಿಸಿದರು. ಇವತ್ತು ವಾರದ ಮಾತಲ್ಲ, ವರ್ಷದ ಮಾತು ಎಂದರು. ನಾವು ನಮ್ಮ ಆ ವರ್ಷವನ್ನು ಅಲ್ಲಿ ಕೂತು ಮೊದಲಿನಿಂದ ತಿರುಗಿ ನೋಡಿದೆವು. ಒಬ್ಬೊಬ್ಬರೂ ಎದ್ದರು. ನಗು ತಡೆಯಲಾಗುತ್ತಿರಲಿಲ್ಲ, ಯಾಕೆಂದರೆ ಯಾರು ಎದ್ದರೂ ಸುತ್ತಿ ಸುತ್ತಿ ಆ ಗದ್ದೆಗೇ ಬರುತ್ತಿದ್ದರು. ಯಾರು ಯಾರಿಗೆ ಕುಡುಗೋಲು ಹಿಡಿಯಲು ಕಲಿಸಿದರು, ಯಾರ ಸೊಂಟ ಹಿಡಿದುಕೊಂಡಿತು, ಯಾರು ಕೊಯ್ಯುವ ನೆಪದಲ್ಲಿ ಮರದ ಬುಡದಲ್ಲಿ ನಿದ್ದೆ ಹೊಡೆದರು... ತೋಟದ ಮನೆಯ ಹುಡುಗ ಎದ್ದು ನಿಂತು ಗಂಭೀರವಾಗಿ, ನಾನು ತೋರಿಸಿದ್ದೇ ಸರಿಯಾದ ಗದ್ದೆ ಎಂದ. ನಾವೆಲ್ಲ ಅವನನ್ನು ಹೊಡೆಯಲು ಹೋದೆವು. ಅಕ್ಕೋರು ಮಾತ್ರ, ಅವನು ಹೇಳಿದ್ದು ನಿಜ, ಆವತ್ತು ನಾವು ಇವಳ ಮನೆಯ ಗದ್ದೆಗೇ ಇಳಿದಿದ್ದರೆ ಅಜ್ಜಿಯ ಮೇಲೆ ಮುಯ್ಯಿ ಇರುತ್ತಿತ್ತು ಅಷ್ಟೇ, ಇಡೀ ಕೊಯ್ಲಿಗೆ ಬದಲಿ ಆಳು ಸಿಗುತ್ತಿರಲಿಲ್ಲ ಎಂದರು.

ನನ್ನ ಸರದಿ ಬಂದಾಗ ನನ್ನ ಜೋರು ಬಾಯಿ ಎಲ್ಲಿ ಹೋಯಿತೋ. ಎದ್ದೆ, ಅತ್ತೆ, ಕೂತೆ. ಅಷ್ಟೇ.

ಎಲ್ಲರದೂ ಮುಗಿದ ಮೇಲೆ ಒಲೆಯ ಹತ್ತಿರ ಕೂತಿದ್ದ ಅಜ್ಜಿ, ಅಕ್ಕೋರು ಹೇಳಲೇ ಇಲ್ಲವಲ್ಲ ಎಂದಳು. ನಮಗೆ ಅದುವರೆಗೆ ಹೊಳೆದೇ ಇರಲಿಲ್ಲ. ವರ್ಷವೆಲ್ಲ ನಮ್ಮ ಮಾತು ಕೇಳಿದವರನ್ನು ನಾವು ಒಂದು ಸಲವೂ ಕೇಳಿರಲಿಲ್ಲ. ಅಕ್ಕೋರು ಎದ್ದು ನಿಂತರು, ನಮ್ಮ ಹಾಗೇ ಕೈ ಕಟ್ಟಿಕೊಂಡು.

“ನನ್ನನ್ನೂ ಏಳನೇ ಕ್ಲಾಸಿನಲ್ಲೇ ಬಿಡಿಸಿದ್ರು, ಮದುವೆಗೆ ಅಂತ. ಆಮೇಲೆ ಓದಿದೆ, ಅದು ಬೇರೆ ಮಾತು. ಅವತ್ತು ನನ್ನ ಕ್ಲಾಸಿನವರು ಯಾರೂ ನಮ್ಮನೆಗೆ ಬರಲಿಲ್ಲ. ಬರಬಹುದಿತ್ತು ಅಂತಲೂ ನನಗೆ ಗೊತ್ತಿರಲಿಲ್ಲ. ಅದನ್ನ ನಿಮ್ಮಿಂದ ಕಲಿತೆ.”

ಇಷ್ಟು ಹೇಳಿ ಕೂತರು. ಅಜ್ಜಿ ಎದ್ದು ಬಂದು ಅವರ ಬಳೆಯಿಲ್ಲದ ಕೈಯನ್ನು ತನ್ನ ಹಿಟ್ಟಿನ ಕೈಯಲ್ಲಿ ಹಿಡಿದುಕೊಂಡಳು.

ನಾನು ಪಾಸಾದೆ. ಏಳನೇ ಕ್ಲಾಸು ಆದವರಿಗೆ ಆಗ ದಾದಿ ತರಬೇತಿಗೆ ಅವಕಾಶವಿತ್ತು. ವಯಸ್ಸು ತುಂಬಿದ ಮೇಲೆ ಸೇರಿದೆ. ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಒಂದು ಆಯುಷ್ಯದಷ್ಟು ಕೆಲಸ ಮಾಡಿದೆ. ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳ ಮಕ್ಕಳು ಈಗ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಅಕ್ಕೋರಿಗೆ ಮರುವರ್ಷವೇ ವರ್ಗವಾಗಿತ್ತು. ಆಮೇಲೆ ಎಲ್ಲಿದ್ದರೋ, ಹೇಗಿದ್ದರೋ... ಅಜ್ಜಿ ಹೋದಳು, ಪಕ್ಕದ ಮನೆಯ ಯಜಮಾನರೂ ಹೋದರು. ಮುಂದೆ ಅಣೆಕಟ್ಟೆಯ ನೀರು ಬಂದು ಎರಡೂ ಗದ್ದೆ, ನಡುವಿನ ಅಂಚು ಎಲ್ಲ ಒಟ್ಟಿಗೆ ಮುಳುಗಿದವು.

ನಿವೃತ್ತಿಯಾದ ಮೇಲೆ ಯಾರೋ ಹೇಳಿ ಗೊತ್ತಾಯಿತು, ಅಕ್ಕೋರು ತೀರ್ಥಹಳ್ಳಿಯಲ್ಲೇ ತಂಗಿಯ ಮಗನ ಮನೆಯಲ್ಲಿ ಇದ್ದಾರೆಂದು. ಅದೇ ದಿನ ಹೋದೆ. ಹಾಸಿಗೆಯ ಮೇಲೆ ಇಷ್ಟೇ ಇಷ್ಟಾಗಿ ಕೂತಿದ್ದರು. ನನ್ನ ಗುರುತು ಹತ್ತಲಿಲ್ಲ. ಊರಿನ ಹೆಸರು ಹೇಳಿದೆ, ಶಾಲೆ ಹೇಳಿದೆ, ನನ್ನ ಹೆಸರನ್ನೂ ಹೇಳಿದೆ. ಯಾವುದೂ ಇಲ್ಲ. ಯಾರಿಗೂ ಗುರುತು ಹತ್ತುವುದಿಲ್ಲ, ಬೇಜಾರು ಮಾಡ್ಕೊಬೇಡಿ ಎಂದಳು ಮನೆಯ ಸೊಸೆ. ನಾನು ದಾದಿಯಾಗಿದ್ದವಳು, ಇಂಥವರನ್ನು ಎಷ್ಟೋ ನೋಡಿದ್ದೇನೆ. ಆದರೂ ನನ್ನ ಅಕ್ಕೋರು ನನ್ನನ್ನು ಮರೆಯುವುದೆಂದರೆ... ಸಂಕಟವಾಯಿತು, ಸ್ವಲ್ಪ ಸಿಟ್ಟೂ ಬಂತು. ಸುಮ್ಮನೆ ಕೂರಲಾಗದೆ, ಬೇರೆ ಯಾರದೋ ಕತೆ ಹೇಳುವ ಹಾಗೆ ಆ ಗದ್ದೆಯ ಕತೆ ಹೇಳಿದೆ. ಒಬ್ಬ ಹುಡುಗಿಯನ್ನು ಶಾಲೆ ಬಿಡಿಸಿದರು, ಒಬ್ಬರು ಅಕ್ಕೋರು ಮಕ್ಕಳನ್ನು ಕಟ್ಟಿಕೊಂಡು ಹೋಗಿ ಯಾರದೋ ಗದ್ದೆ ಕೊಯ್ದು ಹಾಕಿದರು ಎಂದೆ. ಅವರು ನಗತೊಡಗಿದರು, ಅದೇ ಹಳೆಯ ನಗು. ನಕ್ಕು ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದು, ತುಂಬ ಕಳವಳದಿಂದ ಕೇಳಿದರು.

“ಆಮೇಲೆ ಆ ಹುಡುಗಿ ಪರೀಕ್ಷೆಗೆ ಹೋದ್ಲಾ?”

ಹೋದಳು ಅಕ್ಕೋರೆ, ಪಾಸೂ ಆದಳು ಎಂದೆ. ಸದ್ಯ, ಎಂದು ದಿಂಬಿಗೆ ಒರಗಿಕೊಂಡರು. ಎದೆಯ ಮೇಲಿದ್ದ ಹೊರೆಯನ್ನು ಯಾರೋ ಇಳಿಸಿದ ಹಾಗೆ ಉಸಿರುಬಿಟ್ಟರು.

ಆಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ನಾನು ಯಾರೆಂದು ಗೊತ್ತಾಗುತ್ತಿರಲಿಲ್ಲ. ಪ್ರತಿ ಸಲವೂ ಆ ಕತೆ ಹೇಳುತ್ತಿದ್ದೆ, ಅವರು ಹೊಸದಾಗಿ ಕೇಳಿ ನಗುತ್ತಿದ್ದರು. ಆಮೇಲೆ ಕೈ ಹಿಡಿದು ಅದೇ ಪ್ರಶ್ನೆ, ಅದೇ ಕಳವಳ. ಎಷ್ಟು ಸಲ ಕೇಳಿದರೂ ನನಗೆ ಸಾಕಾಗಲಿಲ್ಲ.

ಹೋದ ವರ್ಷ ಮಳೆಗಾಲ ಹಿಡಿಯುವುದಕ್ಕೆ ಮೊದಲು ಅಕ್ಕೋರು ತೀರಿಕೊಂಡರು. ನನಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ, ಊಟ ಮಾಡಿದ್ಯಾ, ಮಾತ್ರೆ ತಗೊಂಡ್ಯಾ ಎಂದು ಕೇಳುವವರಿಗೆ ಏನೂ ಕೊರತೆಯಿಲ್ಲ. ಆ ಹುಡುಗಿ ಪರೀಕ್ಷೆಗೆ ಹೋದಳಾ ಎಂದು ಕೇಳುವವರು ಮಾತ್ರ ಈಗ ಯಾರೂ ಇಲ್ಲ.